ಲ್ಯಾಕ್ಟೋಮೀಟರಿನಲ್ಲಿ ಅಳೆದ ಕಡಲು

ಹೋದ ತಿಂಗಳು ಬಡವನಹಳ್ಳಿಯಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಮಗಳ ಜೊತೆ ವಾಪಸು ಬರುವಾಗ ಮಧುಗಿರಿಯಲ್ಲಿ ಕಾರು ನಿಲ್ಲಿಸಿದೆವು. ಉಮಾಗೆ ಕಾಫಿ ಬೇಕಿತ್ತು, ನನಗೇನೂ ಬೇಕಿರಲಿಲ್ಲ. ಹೋಟೆಲಿನ ಪಕ್ಕದ ದಿನಸಿ ಅಂಗಡಿಯ ಮುಂದೆ ಕಲ್ಲುಪ್ಪಿನ ಗೋಣಿಚೀಲ ಬಾಯಿ ತೆರೆದುಕೊಂಡು ಕೂತಿತ್ತು. ಹಿಂದಿನ ದಿನ ಮಳೆ ಬಿದ್ದಿತ್ತೋ ಏನೋ, ಚೀಲದ ಬುಡವೆಲ್ಲ ಒದ್ದೆಯಾಗಿ ಉಪ್ಪು ನೀರೊಡೆದಿತ್ತು. ಒದ್ದೆ ಗೋಣಿ, ಕರಗಿದ ಉಪ್ಪು, ಈ ಎರಡೂ ಸೇರಿದ ವಾಸನೆ ಮೂಗಿಗೆ ತಾಗಿದ್ದೇ ತಡ, ಹಳೆಯ ಹೆದರಿಕೆಯೊಂದು ಎದ್ದು ಕೂತಿತು. ನಲವತ್ತು ವರ್ಷ ದಾಟಿದೆ.

"ಏನಮ್ಮ, ಮುಖ ಯಾಕೆ ಹಂಗಾಯ್ತು?" ಎಂದಳು ಉಮಾ.

ನಾನು ಮೊದಲು ಅವಳ ಕಣ್ಣು ನೋಡಿದೆ. ಎರಡೂ ನೆಟ್ಟಗೆ ನನ್ನ ಮೇಲಿದ್ದವು. "ಏನಿಲ್ಲ, ಪಿತ್ತ" ಎಂದೆ. ಅವಳಿಗೆ ಇವತ್ತಿನವರೆಗೂ ನಾನು ಇದನ್ನು ಹೇಳಿಲ್ಲ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಇದೇ ಮಧುಗಿರಿಯಲ್ಲಿ, ಬೆಟ್ಟದ ಬುಡದ ಬೀದಿಯಲ್ಲಿ ನಮ್ಮದು ಮೂರಂಕಣದ ಬಾಡಿಗೆ ಮನೆ. ಮಧ್ಯಾಹ್ನವಾದರೆ ಬಂಡೆ ಕಾದು, ಆ ಕಾವೆಲ್ಲ ನಮ್ಮ ಹಿತ್ತಲಿಗೇ ಇಳಿಯುತ್ತಿತ್ತು. ಇವರು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಐ.ಡಿ.ಹಳ್ಳಿಯ ಕಡೆಯವರು, ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ ಎನ್ನುವ ಸೀಮೆಯಲ್ಲಿ ಹುಟ್ಟಿ, ಕೆರೆಯೊಂದು ತುಂಬಿದ್ದನ್ನೇ ದೊಡ್ಡ ಸಂಗತಿಯೆಂದು ನೋಡಿ ಬೆಳೆದವರು. ಇಪ್ಪತ್ತೆಂಟನೇ ವಯಸ್ಸಿಗೆ, ಸಂಕ್ರಾಂತಿ ಕಳೆದ ವಾರ, ವಿದ್ಯಾರ್ಥಿಗಳನ್ನು ಮಂಗಳೂರಿನ ಕಡೆ ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಮೊದಲ ಸಲ ಸಮುದ್ರ ನೋಡಿದರು. ನೋಡಿದವರು ನೋಡಿ ಸುಮ್ಮನೆ ಬರಬೇಕು ತಾನೇ? ಇವರು ಅದನ್ನು ಮನೆಗೆ ತಂದರು. ಬಸ್ಸಿನ ಮೇಲೆ ಐದು ಕ್ಯಾನು ಸಮುದ್ರದ ನೀರು, ಕಾಲಬುಡದಲ್ಲಿ ಪ್ಲಾಸ್ಟಿಕ್ ಡಬ್ಬ, ಡಬ್ಬದೊಳಗೆ ಒಂದು ಮೀನು. ದಾರಿಯುದ್ದಕ್ಕೂ ಹುಡುಗರು ಸರದಿಯ ಮೇಲೆ ಸೈಕಲ್ ಪಂಪಿನಿಂದ ಅದಕ್ಕೆ ಗಾಳಿ ಹೊಡೆದರಂತೆ.

"ಗಿರಿಜಾ, ಬಾ ಇಲ್ಲಿ, ಬೇಗ ಬಾ" ಎಂದು ಕೂಗಿದರು. ಹೋಗಿ ನೋಡಿದೆ. ಅಂಗೈಯಷ್ಟು ಅಗಲದ, ಮಣ್ಣುಬಣ್ಣದ, ತುಳಿದು ಚಪ್ಪಟೆ ಮಾಡಿದಂಥ ಪ್ರಾಣಿ. ತಳಕ್ಕೆ ಅಂಟಿಕೊಂಡು ಮಲಗಿತ್ತು. "ಕಣ್ಣು ನೋಡು, ಎರಡೂ ಒಂದೇ ಕಡೆ! ಆ ಕಡೆ ಮಗ್ಗುಲು ಪೂರ್ತಿ ಕುರುಡು. ಅಲ್ಲಿನವರು ಇದಕ್ಕೆ ನಂಗು ಅಂತಾರೆ."

ಮುಖದ ಒಂದೇ ಬದಿಯಲ್ಲಿ, ಒತ್ತೊತ್ತಾಗಿ, ಎರಡು ಕಣ್ಣು. ಬಾಯಿ ಸೊಟ್ಟ. ನನಗೆ ಆಗ ನಾಲ್ಕನೇ ತಿಂಗಳು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು, ಅಂಥದ್ದನ್ನೆಲ್ಲ ನಂಬುವವಳಲ್ಲ ಎಂದುಕೊಂಡಿದ್ದೆ. ಹಾಗಾಗಿ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆ ದಿನ ಹೇಳಿದ್ದರೆ ಮುಂದಿನದ್ದೇನೂ ಇರುತ್ತಿರಲಿಲ್ಲ.

ದೇವರ ಫೋಟೋಗಳಿಗೆ ಕಟ್ಟು ಹಾಕುವವನಿಂದ ಇವರು ಮೊದಲೇ ಒಂದು ಗಾಜಿನ ತೊಟ್ಟಿ ಮಾಡಿಸಿಟ್ಟಿದ್ದರು. ಅದು ನಡುಮನೆಯಲ್ಲಿ, ಕಿಟಕಿಯ ಕೆಳಗೆ ಕೂತಿತು. ಜಯಮಂಗಲಿ ಹೊಳೆಯ ಮರಳನ್ನು ಏಳು ನೀರಿನಲ್ಲಿ ತೊಳೆದು ಹಾಸಿದರು. ಮೀನು ಮರಳಿನೊಳಗೆ ಒಮ್ಮೆ ಮೈ ಕೊಡವಿತು, ಮರಳು ಅದರ ಮೇಲೆ ಬಿತ್ತು, ಅಷ್ಟೇ. ಆಮೇಲೆ ಮೀನೇ ಇಲ್ಲ. ಮರಳ ಮೇಲೆ ಎರಡು ಕಣ್ಣು ಮಾತ್ರ. ನಾನು ಒಲೆಯ ಹತ್ತಿರ ಹೋದರೆ ಆ ಕಡೆ ತಿರುಗುತ್ತಿದ್ದವು, ಬಾಗಿಲಿಗೆ ಬಂದರೆ ಈ ಕಡೆ. ಅದೂ ಒಟ್ಟಿಗಲ್ಲ, ಒಂದೊಂದು ಒಂದೊಂದು ಕಡೆ. ಇಡೀ ದಿನ ಮನೆಯಲ್ಲಿ ನಾನು ಮತ್ತು ಅದು. ನೀರಿಗೆ ಗಾಳಿ ಬಿಡುವ ಮೋಟಾರಿನ ಗುಳುಗುಳು ಸದ್ದು. ಕರೆಂಟು ಹೋದರೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಿಟ್ಟಿದ್ದ ಹಳೇ ಲಾರಿ ಟ್ಯೂಬಿನ ಮೂತಿಗೆ ಸಿಕ್ಕಿಸಿದ ಕೊಳವೆಯ ಕ್ಲಿಪ್ಪನ್ನು ನಾನು ಸಡಿಲಿಸಬೇಕು. ಆಗ ಗಾಳಿ ಗುಳ್ಳೆಗುಳ್ಳೆಯಾಗಿ ಹೋಗುತ್ತಿತ್ತು. ಅದರ ಉಸಿರು ನನ್ನ ಕೈಯಲ್ಲಿತ್ತು ಅನ್ನಿ.

ನನಗೆ ವಹಿಸಿದ ಇನ್ನೊಂದು ಕೆಲಸ ನೀರು ನೋಡಿಕೊಳ್ಳುವುದು. "ಉಪ್ಪು ಆರಿಹೋಗಲ್ಲ, ನೀರು ಮಾತ್ರ ಆರಿಹೋಗುತ್ತೆ. ಅದಕ್ಕೇ ಸಮುದ್ರದ ನೀರು ಹಾಕ್ಬಾರ್ದು, ಸಿಹಿನೀರೇ ಹಾಕಬೇಕು" ಎಂದು ಹೇಳಿಕೊಟ್ಟರು. ನನ್ನ ಉಗುರುಬಣ್ಣದಲ್ಲಿ ಗಾಜಿನ ಮೇಲೆ ಒಂದು ಗೆರೆ ಎಳೆದರು. ದಿನಾ ಬೆಳಿಗ್ಗೆ ಬಾವಿಯ ನೀರನ್ನು ಆ ಗೆರೆಯವರೆಗೆ ತುಂಬಬೇಕು. ಆಮೇಲೆ ಒಂದು ಲೋಟದಲ್ಲಿ ತೊಟ್ಟಿಯ ನೀರು ತೆಗೆದು ಅದರಲ್ಲಿ ಲ್ಯಾಕ್ಟೋಮೀಟರ್ ತೇಲಿಬಿಡಬೇಕು. ಹೌದು, ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ನೋಡುವ ಗಾಜಿನ ಕಡ್ಡಿ. ಸಮುದ್ರ ಅಳೆಯುವ ಸಾಮಾನು ಮಧುಗಿರಿಯಲ್ಲಿ ಎಲ್ಲಿಂದ ಬರಬೇಕು? "ಬರೀ ನೀರು ಸೊನ್ನೆ. ಒಳ್ಳೇ ಹಾಲು ಇಪ್ಪತ್ತೆಂಟು. ಕಡಲು ಇಪ್ಪತ್ನಾಲ್ಕು. ನಮ್ಮೂರ ಹಾಲಿಗಿಂತ ಸ್ವಲ್ಪ ತೆಳು, ಅಷ್ಟೇ" ಎಂದು ನಕ್ಕರು. ಓದಿದ ಅಂಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದೂ ನಾನೇ.

ಹಾಲು ತರುವ ಸಿದ್ದಕ್ಕ ಬಾಗಿಲಲ್ಲಿ ನಿಂತಿದ್ದಳು. ಊರಾಚೆಯ ಗೊಲ್ಲರ ಹಟ್ಟಿಯವಳು, ಬಾಯಿ ಜೋರು. ಕಡ್ಡಿ ಕಂಡು ಮುಖ ಕೆಂಪಗಾಯಿತು. "ಏನ್ ಸಾರ್, ನನ್ನ ಹಾಲ್ಗಾ ಈ ಕಡ್ಡಿ?"

"ಅಲ್ಲ ಸಿದ್ದಕ್ಕ, ಇದು ಸಮುದ್ರಕ್ಕೆ."

"ಸಮುದ್ರುಕ್ಕೂ ನೀರು ಬೆರೆಸ್ತಾರಾ?" ಎಂದು ಬಗ್ಗಿ ತೊಟ್ಟಿ ನೋಡಿದಳು. "ಅಯ್ಯೋ ಶಿವನೇ, ಹರಿದೋಗಿರೋ ಎಕ್ಕಡ ಇದ್ದಂಗೈತಲ್ಲ!" ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಚಪ್ಪಲಿಯದ್ದೇ, ಎಕ್ಕಡ. ನಂಗು ಎಂದವರು ಇವರೊಬ್ಬರೇ.

ಶಿವರಾತ್ರಿಯ ಹೊತ್ತಿಗೆ ಇವರು ಒಂದು ಆಟ ಹೂಡಿದರು. ತೊಟ್ಟಿಯ ಅರ್ಧಭಾಗಕ್ಕೆ ಕಪ್ಪು ಬಿಳಿ ನುರುಜುಗಲ್ಲು ಹರಡಿದರು. ಎರಡನೇ ದಿನ ನಾನು ನೀರು ತುಂಬಲು ಹೋದರೆ ಮೀನಿನ ಮೈಮೇಲೆ ಕಪ್ಪು ಬಿಳಿ ಚುಕ್ಕೆ. ಚೆಂಬು ಕೈಜಾರಿತು. ಇವರಿಗೋ ಹಬ್ಬ. "ಅದು ಕಣ್ಣಲ್ಲಿ ನೋಡುತ್ತೆ, ನೋಡಿದ್ದನ್ನ ಮೈಗೆ ತಂದುಕೊಳ್ಳುತ್ತೆ. ಕಣ್ಣು ಕಟ್ಟಿದ್ರೆ ಆಗಲ್ಲ. ನೋಟವೇ ಮೈಬಣ್ಣ ಆಗೋದು, ಎಂಥಾ ಸೋಜಿಗ ನೋಡು!" ಎಂದರು.

ನಾನು ಸೋಜಿಗ ಪಡಲಿಲ್ಲ, ಹೆದರಿದೆ. ಬಸುರಿ ನೋಡಿದ್ದು ಮಗುವಿನ ಮೈಗೆ ಬರುತ್ತದೆ ಎಂದು ಹಳ್ಳಿಯ ಹೆಂಗಸರು ಹೇಳಿದರೆ ಅದು ಮೂಢನಂಬಿಕೆ. ನೋಡಿದ್ದು ಮೈಗೆ ಬರುತ್ತದೆ ಎಂದು ಮೀನಿನ ವಿಷಯದಲ್ಲಿ ಮೇಷ್ಟ್ರು ಹೇಳಿದರೆ ಅದು ವಿಜ್ಞಾನ. ಎರಡಕ್ಕೂ ನಡುವೆ ಎಷ್ಟು ದೂರ? ನಾನು ಆಗಲೇ ತಿಂಗಳ ಮೇಲಾಗಿ ಆ ಮುಖವನ್ನು ದಿನಾ ನೋಡಿದ್ದೆ. ಇವರನ್ನು ಕೇಳಿದರೆ ನಗುತ್ತಾರೆ ಎಂಬ ನಾಚಿಕೆ ಬೇರೆ. ಅದನ್ನು ನುಂಗಿಕೊಂಡು ಇಪ್ಪತ್ನಾಲ್ಕು, ಇಪ್ಪತ್ನಾಲ್ಕು ಎಂದು ಬರೆಯುತ್ತಾ ಹೋದೆ.

ಏಳನೇ ತಿಂಗಳಿಗೆ ಅಜ್ಜಿ ಬಂದಳು. ನನಗೆ ತಾಯಿಯಿಲ್ಲ. ಹುಲಿಕುಂಟೆಯ ಹತ್ತಿರದ ಹಳ್ಳಿಯಲ್ಲಿ ತಾಯಿಯ ತಾಯಿಯೇ ಸಾಕಿದ್ದು. ತವರು ಅಂತ ಹೋಗಲು ಸರಿಯಾದ ಮನೆಯಿಲ್ಲದ್ದರಿಂದ ಬಾಣಂತನ ಮಾಡಲು ಅವಳೇ ಬಟ್ಟೆಗಂಟು ಹೊತ್ತು ಬಸ್ಸಿಳಿದಳು. ಕೊರಳಲ್ಲಿ ಲಿಂಗ, ಹಣೆತುಂಬ ವಿಭೂತಿ. ಹೊಸಿಲು ದಾಟಿದವಳು ಮೂಗು ಮುದುರಿ ನಿಂತಳು.

"ಏನೋ ನೀಸುವಾಸ್ನೆ!"

ತೊಟ್ಟಿ ನೋಡಿದಳು. ಮೀನು ಅದೇ ಹೊತ್ತಿಗೆ ಮರಳಿನಿಂದ ಎದ್ದು, ಮೈಯನ್ನು ಅಲೆಯಂತೆ ಮಡಿಸುತ್ತಾ ಗಾಜಿನ ಪಕ್ಕ ಬಂದು, ಎರಡು ಕಣ್ಣಲ್ಲಿ ಅವಳನ್ನು ನೋಡಿತು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಮುಖಕ್ಕೆ ಸೆರಗು ಮುಚ್ಚಿದಳು.

"ಏನ್ ಅಳಿಯಂದ್ರೇ, ಬಸ್ರಿ ಹೆಂಗ್ಸಿರೋ ಮನೇಲಿ ಇಂಥ ಸೊಟ್ಟ ಮೊಕುದ್ದನ್ನ ತಂದು ಮಡಿಕ್ಕಂಡಿದ್ದೀರಲ್ಲ, ಬುದ್ಧಿ ಎಲ್ಲಿ ಮೇಯಕ್ಕೋಗಿತ್ತು?"

ಇವರಿಗೂ ಸಿಟ್ಟು ಬಂತು. "ಹಾಗಾದ್ರೆ ತಗೊಂಡೋಗಿ ಕೆರೆಗೆ ಬಿಸಾಕ್ತೀನಿ ಬಿಡಿ ಅಜ್ಜಿ."

"ಸಿಹಿನೀರಿಗೆ ಹಾಕಿದ್ರೆ ಬದುಕ್ತದಾ?"

"ಇಲ್ಲ. ಸತ್ತೋಗುತ್ತೆ."

"ಹಂಗಾರೆ ಬ್ಯಾಡ." ಅಜ್ಜಿ ನೆಲಕ್ಕೆ ಕೂತಳು. "ಹೆಂಡ್ತಿ ಬಸ್ರಿ ಇರುವಾಗ ಗಂಡ ಜೀವ ತೆಗೀಬಾರ್ದು. ಇರುವೆ ಸೈತ ಹೊಸಕಬಾರ್ದು. ಅದ್ಕೆ ಇದು ಸಾಯಲೂಬಾರ್ದು, ಇವಳು ಇದನ್ನ ನೋಡಲೂಬಾರ್ದು. ಹೆರಿಗೆ ಆಗೋಗಂಟ ಜ್ವಾಪಾನ ಮಾಡಿ ಸಾಕಿ."

ಇಂಥ ತೀರ್ಪನ್ನು ಯಾವ ಕೋರ್ಟೂ ಕೊಡಲಾರದು. ತೊಟ್ಟಿಗೆ ಅಜ್ಜಿಯ ಹಳೇ ಸೀರೆ ಹೊದಿಸಲಾಯಿತು. ಅದುವರೆಗೆ ಇವರು ಬ್ಲೇಡಿನಲ್ಲಿ ಎರೆಹುಳು ಕತ್ತರಿಸಿ ಹಾಕುತ್ತಿದ್ದರು. ಇನ್ನುಮೇಲೆ ಕತ್ತರಿಸುವಂತಿಲ್ಲ, ಇಡೀ ಹುಳುವನ್ನೇ ಬಿಡಬೇಕು. ಅಜ್ಜಿ ತೊಟ್ಟಿಗೆ ಬೆನ್ನು ಹಾಕಿ ಕೂತು ಲಿಂಗಪೂಜೆ ಮಾಡುತ್ತಿದ್ದಳು. ನೀರು ನೋಡುವ ಕೆಲಸ ನನ್ನಿಂದ ಹೋಯಿತು, ಇವರೇ ಮಾಡುತ್ತಿದ್ದರು. ಆದರೆ ಮುಚ್ಚಿಟ್ಟದ್ದರ ಭಯ ಕಂಡದ್ದರ ಭಯಕ್ಕಿಂತ ಹೆಚ್ಚು. ಬೇಸಿಗೆಯ ಮಧ್ಯಾಹ್ನ, ತೊಟ್ಟಿ ತಣ್ಣಗಿರಲೆಂದು ಸುತ್ತ ಸುತ್ತಿದ ಒದ್ದೆ ಗೋಣಿಯ ವಾಸನೆ, ಸೀರೆಯ ಹಿಂದೆ ಗುಳುಗುಳು. ಹೊಟ್ಟೆಯೊಳಗೆ ಮಗು ಹೊರಳಿದರೆ, ಮರಳಿನೊಳಗೆ ಅದು ಮೈ ಕೊಡವಿದ್ದೇ ನೆನಪಾಗುತ್ತಿತ್ತು. ನಾನು ಸರಿಯಾಗಿ ಊಟ ಮಾಡುವುದನ್ನು ಬಿಟ್ಟೆ.

ಒಂದು ಮಧ್ಯಾಹ್ನ ಅಜ್ಜಿ ಮಠಕ್ಕೆ ಹೋಗಿದ್ದಾಗ ನಾನು ತಡೆಯಲಾರದೆ ಅತ್ತುಬಿಟ್ಟೆ. ಎಲ್ಲ ಹೇಳಿದೆ. ಇವರು ನಗಲಿಲ್ಲ. ಪಕ್ಕದಲ್ಲಿ ಕೂತು, ಪಾಠ ಮಾಡುವ ದನಿಯಲ್ಲೇ ಸಮಾಧಾನ ಹೇಳಿದರು.

"ಹುಚ್ಚಿ, ಆ ಮೀನೇ ಹುಟ್ಟುವಾಗ ಹಾಗಿರಲ್ಲ ಗೊತ್ತಾ? ಮೊಟ್ಟೆಯಿಂದ ಬಂದಾಗ ಎಲ್ಲಾ ಮೀನಿನ ಹಾಗೆ ನೆಟ್ಟಗೇ ಇರುತ್ತೆ. ಆ ಕಡೆ ಒಂದು ಕಣ್ಣು, ಈ ಕಡೆ ಒಂದು. ಕೆಲವು ವಾರ ಕಳೆದಮೇಲೆ ಒಂದು ಕಣ್ಣು ಸ್ವಲ್ಪ ಸ್ವಲ್ಪವೇ ಸರಿದು, ನೆತ್ತಿ ದಾಟಿ, ಇನ್ನೊಂದರ ಪಕ್ಕ ಬಂದು ಕೂರುತ್ತೆ. ಹುಟ್ಟಿನಲ್ಲಿ ಸೊಟ್ಟ ಅನ್ನೋದೇ ಇಲ್ಲ!"

ಒಳ್ಳೆಯ ಮನುಷ್ಯ. ಹೆದರಿದವಳಿಗೆ ಧೈರ್ಯ ಹೇಳಲು ಹೋಗಿ ನನ್ನ ಕೊನೆಯ ಆಸರೆಯನ್ನೂ ಕಿತ್ತುಕೊಂಡರು. ಹೆರಿಗೆಯ ದಿನ ಮಗುವಿನ ಮುಖ ನೋಡಿದರೆ ಭಯ ಮುಗಿಯುತ್ತದೆ ಎಂದುಕೊಂಡಿದ್ದೆ. ಈಗ ನೋಡಿದರೆ ಅದು ಅಲ್ಲಿಂದ ಶುರುವಾಗುವಂಥದ್ದು.

ಕಾರಹುಣ್ಣಿಮೆಯ ಹಿಂದಿನ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಬೆರಳು, ಕಿವಿ, ಬಾಯಿ ಎಲ್ಲ ಆಮೇಲೆ. ನಾನು ಮೊದಲು ನೋಡಿದ್ದು ಕಣ್ಣು. ಒಂದು ಆ ಕಡೆ, ಒಂದು ಈ ಕಡೆ. ಅಜ್ಜಿ ಬೀಗಿದಳು, "ನನ್ನ ಮಾತು ಕೇಳಿದ್ಕೆ ಸರೋಯ್ತು ನೋಡು." ಇವರೂ ಬೀಗಿದರು, "ನಾನು ಹೇಳಿರಲಿಲ್ವಾ?" ಇಬ್ಬರೂ ಗೆದ್ದಿದ್ದರು. ನಾನೊಬ್ಬಳೇ ವಾರ ಎಣಿಸುತ್ತಿದ್ದೆ.

ಒಂದು ವಾರ, ಎರಡು, ಐದು. ಆರನೇ ವಾರ, ನೀರೆರೆದ ಮಗುವಿಗೆ ಅಜ್ಜಿ ಸಾಂಬ್ರಾಣಿ ಹೊಗೆ ಹಾಕುತ್ತಿದ್ದಳು. ನಾನು ಬಾಣಂತಿಯ ಮಂಚದ ಮೇಲೆ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತು ನೋಡುತ್ತಿದ್ದೆ. ಮಗು ಕಣ್ಣು ಬಿಟ್ಟಿತು. ಬಲಗಣ್ಣು ನನ್ನ ಮೇಲಿತ್ತು. ಎಡಗಣ್ಣು ಮೆಲ್ಲಗೆ, ಬಹಳ ಮೆಲ್ಲಗೆ, ಮೂಗಿನ ಕಡೆ ಸರಿಯಿತು. ಅಲ್ಲೇ ನಿಂತಿತು.

"ಅಜ್ಜೀ!"

"ಹೊಗೆಗೆ ಕಣವ್ವ, ಹೊಗೆಗೆ" ಎಂದಳು ಅಜ್ಜಿ. ಆದರೆ ನನ್ನ ಮುಖ ನೋಡದೆ ಹೇಳಿದಳು. ಸಂಜೆ ಒಂದು ಹಿಡಿ ಉಪ್ಪು, ಮೆಣಸಿನಕಾಯಿ ತೆಗೆದುಕೊಂಡು ಮಗುವಿಗೆ ನಿವಾಳಿಸಿ ಒಲೆಗೆ ಹಾಕಿದಳು. ಉಪ್ಪು ಚಟಪಟ ಸಿಡಿಯಿತು.

ಇವರು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿ ತೋರಿಸಿ ಬಂದರು. ಎಳೆಮಕ್ಕಳಿಗೆ ಕಣ್ಣಿನ ಹಿಡಿತ ಬರುವವರೆಗೆ ಹಾಗಾಗುವುದುಂಟು, ಮೂರು ನಾಲ್ಕು ತಿಂಗಳು ಕಾಯಿರಿ, ಆಮೇಲೂ ಹಾಗೇ ಇದ್ದರೆ ನೋಡೋಣ ಎಂದರಂತೆ ಡಾಕ್ಟರಮ್ಮ. "ಕಾಯೋಣ" ಎಂದರು ಇವರು, ಸಹಜವಾಗಿಯೇ. ಅವತ್ತಿನಿಂದ ಕಾಲೇಜಿನಿಂದ ಬಂದ ತಕ್ಷಣ ಕೈಕಾಲು ತೊಳೆದು, ಬೀಗದಕೈ ಗೊಂಚಲನ್ನು ಮಗುವಿನ ಮುಖದ ಮುಂದೆ ಹಿಡಿದು ಆ ಕಡೆ ಈ ಕಡೆ ಆಡಿಸುವುದು ಅವರ ಹೊಸ ಆಟವಾಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಲ್ಲಿ ನಾನು ಸಾಯುತ್ತಿದ್ದೇನೆ, ಇವರಿಗೆ ಆಟ.

ನಾನು ಓಡಾಡತೊಡಗಿದ ಮೇಲೆ ತೊಟ್ಟಿಯ ನೀರು ಮತ್ತೆ ನನ್ನ ಪಾಲಿಗೆ ಬಂತು. ಈಗ ನೋಡಬಾರದೆಂಬ ಕಟ್ಟಿರಲಿಲ್ಲ. ಸೀರೆ ಸರಿಸಿದರೆ ಅದೇ ಎರಡು ಕಣ್ಣು, ಪಕ್ಕಪಕ್ಕ, ಯಾವುದೋ ಕೆಲಸ ಮುಗಿಸಿ ಕೂತಂತೆ. ಇದು ಈ ಮನೆಯಲ್ಲಿ ಇರುವವರೆಗೆ ಮಗುವಿನ ಕಣ್ಣು ಸರಿಯುತ್ತಲೇ ಇರುತ್ತದೆ ಎಂದು ನನ್ನ ಮನಸ್ಸು ಗಟ್ಟಿಯಾಗಿ ಹೇಳಿತು. ತಗೊಂಡುಹೋಗಿ ಎಂದು ಇವರನ್ನು ಬೇಡಿದೆ. "ಎಲ್ಲಿಗೆ ಗಿರಿಜಾ? ಕಾಲೇಜಿನಲ್ಲಿ ಮೋಟಾರು ನೋಡಿಕೊಳ್ಳೋರು ಯಾರು? ಅಲ್ಲಿಟ್ಟರೆ ಒಂದು ವಾರ ಬದುಕಲ್ಲ. ಮೂರು ತಿಂಗಳು ತುಂಬಲಿ, ಆಮೇಲೆ ನೀನು ಹೇಳಿದ ಹಾಗೆ" ಎಂದರು. ಹಿಡಿದು ಆಚೆ ಹಾಕಲು ನನಗೆ ಧೈರ್ಯವಿಲ್ಲ. ಲಿಂಗ ಕಟ್ಟಿದ ಕೊರಳು. ಜೀವ ತೆಗೆದ ಪಾಪ ಮಗುವಿಗೆ ತಟ್ಟಿದರೆ?

ಆಗ ದಾರಿ ತೋರಿಸಿದವಳು ಸಿದ್ದಕ್ಕ. ಪಾಪ, ಅವಳಿಗೆ ಅದು ಗೊತ್ತೇ ಇಲ್ಲ. ಹಾಲು ನೀರಾಗಿದೆ ಎಂದು ಅಜ್ಜಿ ಜಗಳ ತೆಗೆದಿದ್ದಳು. ಅಜ್ಜಿ ಒಳಗೆ ಹೋದಮೇಲೆ ಸಿದ್ದಕ್ಕ ನನ್ನ ಕಡೆ ಕಣ್ಣು ಮಿಟುಕಿಸಿದಳು.

"ಒಂದೇ ದಪ ಒಂದು ಚೆಂಬು ಉಯ್ದ್ರೆ ಎಲ್ರಿಗೂ ಗೊತ್ತಾಗ್ತದೆ ಕಣಮ್ಮ. ದಿನಾ ಒಂದೊಂದು ಗುಟುಕು ಜಾಸ್ತಿ ಮಾಡ್ಕಂಡು ಹೋದ್ರೆ ನಾಲ್ಗೆ ಅದ್ಕೇ ಒಗ್ಗಿಬುಡ್ತದೆ. ನಿಮ್ಮಜ್ಜಿ ಶಾನೆ ಚುರುಕು ಬುಡಮ್ಮ." ಹೋಗುವಾಗ ತೊಟ್ಟಿಯ ಕಡೆ ನೋಡಿ ಇನ್ನೊಂದು ಮಾತು ಅಂದಳು. "ನಮ್ಮ ಹಟ್ಟೀಲಿ ಹಡೆದೋಳ್ನೂ ಕೂಸ್ನೂ ಊರಾಚೆ ಗುಡ್ಲಲ್ಲಿ ಮಡಗ್ತಾರೆ. ನೀವು ಎಕ್ಕಡಾನ ಒಳೀಕೆ ಮಡಿಕ್ಕಂಡಿದ್ದೀರ. ನಾವೇ ದಡ್ರೋ, ನೀವೇ ದಡ್ರೋ ತಿಳೀವಲ್ದು."

ಮರುದಿನ ಬೆಳಿಗ್ಗೆ ನಾನು ತೊಟ್ಟಿಯಿಂದ ಒಂದು ಚೆಂಬು ಉಪ್ಪುನೀರು ತೆಗೆದು ಹಿತ್ತಲಿನ ಕರಿಬೇವಿನ ಗಿಡದ ಬುಡಕ್ಕೆ ಸುರಿದೆ. ಒಂದು ಚೆಂಬು ಸಿಹಿನೀರನ್ನು ತೊಟ್ಟಿಗೆ ಹಾಕಿದೆ. ಕೊಲ್ಲುತ್ತಿದ್ದೇನೆ ಎಂದು ನನಗೆ ನಾನು ಹೇಳಿಕೊಳ್ಳಲಿಲ್ಲ. ನೀರು ಹಾಕುತ್ತಿದ್ದೇನೆ, ಅಷ್ಟೇ. ನೀರು ಹಾಕಿದರೆ ಯಾವ ಪಾಪ? ಕಡ್ಡಿ ಇಪ್ಪತ್ತಮೂರೂವರೆ ತೋರಿಸಿತು. ನೋಟ್‌ಬುಕ್ಕಿನಲ್ಲಿ ಇಪ್ಪತ್ನಾಲ್ಕು ಎಂದು ಬರೆದೆ. ನಾಲ್ಕು ಸೊಟ್ಟಗಾಯಿತು.

ದಿನಾ ಒಂದು ಚೆಂಬು. ಆಮೇಲೆ ಎರಡು. ಇಪ್ಪತ್ತು, ಹದಿನೆಂಟು, ಹದಿನೈದು. ಪುಸ್ತಕದಲ್ಲಿ ಮಾತ್ರ ಇಪ್ಪತ್ನಾಲ್ಕು. ಶ್ರಾವಣ ಬಂದರೂ ನಿಲ್ಲದ ಆಷಾಢದ ಗಾಳಿ ಬೆಟ್ಟಕ್ಕೆ ಬಡಿದು ಬೀದಿಯ ಧೂಳನ್ನೆಲ್ಲ ಮನೆಯೊಳಗೆ ತರುತ್ತಿತ್ತು. ಪ್ರತಿ ಬೆಳಿಗ್ಗೆ ಸೀರೆ ಸರಿಸುವಾಗ ಅದು ಸತ್ತಿರಲಿ ಎಂದು ಬೇಡಿಕೊಳ್ಳುತ್ತಿದ್ದೆ, ಸತ್ತಿದ್ದರೆ ಏನು ಗತಿ ಎಂದು ಹೆದರುತ್ತಲೂ ಇದ್ದೆ. ಅದು ಸಾಯಲಿಲ್ಲ. ಸಿದ್ದಕ್ಕ ಹೇಳಿದಂತೆ ಒಗ್ಗಿಕೊಂಡಿತು. ಹನ್ನೆರಡಕ್ಕೆ ಇಳಿದಾಗಲೂ ಮರಳಲ್ಲಿ ಮಲಗಿ ನನ್ನನ್ನೇ ನೋಡುತ್ತಿತ್ತು. ಬದಲಿಗೆ ಕರಿಬೇವಿನ ಗಿಡ ಎಲೆಯೆಲ್ಲ ಉದುರಿಸಿ ಒಣಗಿ ನಿಂತಿತು. "ಹುಳ ಬಿದ್ದೈತೆ" ಎಂದಳು ಅಜ್ಜಿ. ಇವರು ಒಂದು ಒಣ ಎಲೆ ಕೈಯಲ್ಲಿ ಹಿಡಿದು ಬಹಳ ಹೊತ್ತು ಗಿಡದ ಬುಡ ನೋಡುತ್ತಾ ನಿಂತಿದ್ದರು. ಆದರೆ ಏನೂ ಕೇಳದೆ ಒಳಗೆ ಬಂದರು.

ಮಗುವಿನ ಎಡಗಣ್ಣು ಒಂದು ದಿನ ನೆಟ್ಟಗಿದ್ದರೆ ಮರುದಿನ ಮೂಗಿನ ಕಡೆ. ನಾನು ಹಾಲೂಡಿಸುವಾಗಲೂ ಅವಳ ಹುಬ್ಬಿನ ನಡುವಿನ ಜಾಗವನ್ನು ಬೆರಳಿನಲ್ಲಿ ಅಳೆಯುತ್ತಿದ್ದೆ. ನಿನ್ನೆಗಿಂತ ಕಡಿಮೆಯಾಯಿತೇ? ಹುಚ್ಚು ಹಿಡಿಯುವುದೆಂದರೆ ಇದೇ ಇರಬೇಕು ಎಂದು ಈಗ ಅನ್ನಿಸುತ್ತದೆ.

ಗೌರಿಹಬ್ಬಕ್ಕೆ ಎರಡು ದಿನ ಇತ್ತು. ಅಜ್ಜಿ ಬಾಗಿನದ ಸಾಮಾನು ತರಲು ಪೇಟೆಗೆ ಹೋಗಿದ್ದಳು. ನಡುಮನೆಯಲ್ಲಿ ಚಾಪೆಯ ಮೇಲೆ ಮಗುವನ್ನು ಮಲಗಿಸಿ, ತೊಟ್ಟಿಯ ಸೀರೆ ಸರಿಸಿ ದಿನದ ನೀರು ಬದಲಿಸಿ, ಲೋಟದಲ್ಲಿ ಕಡ್ಡಿ ತೇಲಿಬಿಟ್ಟೆ. ಕಿಟಕಿಯ ಬಿಸಿಲು ಗಾಜಿನ ಮೇಲೆ ಬಿತ್ತು. ಮೀನು ಮರಳಿನಿಂದ ಎದ್ದಿತು. ತೊಟ್ಟಿಯ ಎಡಗಡೆಯಿಂದ ಬಲಗಡೆಗೆ ತೇಲುತ್ತಾ ಹೋಯಿತು.

ಮಗು ಅದನ್ನು ನೋಡಿತು.

ಎರಡು ಕಣ್ಣೂ, ಒಟ್ಟಿಗೆ, ಎಡದಿಂದ ಬಲಕ್ಕೆ ಹೋದವು. ಮೀನು ತಿರುಗಿ ವಾಪಸು ಬಂತು. ಎರಡು ಕಣ್ಣೂ ಜೊತೆಯಾಗಿ ವಾಪಸು ಬಂದವು, ಒಂದು ಕೂದಲೆಳೆಯಷ್ಟೂ ಹಿಂದುಮುಂದಾಗದೆ. ಮೂರನೇ ಸಲ ಮೀನು ದಾಟಿದಾಗ ಉಮಾ ಬೊಚ್ಚುಬಾಯಿ ಬಿಟ್ಟು ನಕ್ಕಳು. ಹುಟ್ಟಿದ ಮೇಲೆ ಅವಳು ಕಣ್ಣಿಟ್ಟು ನೋಡಿದ ಮೊದಲ ಜೀವ ಅದು. ನನ್ನನ್ನಲ್ಲ, ಅವರಪ್ಪನನ್ನಲ್ಲ, ಅದನ್ನು.

ನಾನು ಚಾಪೆಯ ಮೇಲೆ ಬಿದ್ದು ಅತ್ತೆ. ಅತ್ತು ಎದ್ದಾಗ ಲೋಟದಲ್ಲಿ ಕಡ್ಡಿ ಕಂಡಿತು. ಏಳು. ಏಳಕ್ಕೆ ಇಳಿಸಿದ್ದೆ ಕಡಲನ್ನು. ಎಂಥ ಕೆಲಸ ಮಾಡಿದೆ ಎಂದು ಆಗ ಹೊಸ ಭಯವೊಂದು ಹಿಡಿಯಿತು. ಅದು ಈಗಲೇ ಸತ್ತರೆ? ನನ್ನ ಮಗಳನ್ನು ನಗಿಸಿದ ಜೀವ, ನನ್ನ ಕೈಯಿಂದ? ಮೂಲೆಯಲ್ಲಿ ಸಮುದ್ರದ ನೀರಿನ ಒಂದು ಕ್ಯಾನು ಮಿಕ್ಕಿತ್ತು. ಬಾಣಂತಿ ಸೊಂಟ, ಎತ್ತಲಾಗಲಿಲ್ಲ. ಅಡುಗೆಮನೆಗೆ ಓಡಿ ಉಪ್ಪಿನ ಜಾಡಿ ತಂದೆ. ಎರಡು ಕೈಯಲ್ಲೂ ಬಾಚಿ ಬಾಚಿ ಕಲ್ಲುಪ್ಪು ಸುರಿದೆ. ಹರಳುಗಳು ನೀರಲ್ಲಿ ಇಳಿದು ಮರಳ ಮೇಲೆ, ಅದರ ಬೆನ್ನ ಮೇಲೆ, ಆ ಎರಡು ಕಣ್ಣುಗಳ ಮೇಲೆ ಬಿದ್ದವು. ಬೇಗ ಕರಗಲಿ ಎಂದು ಕೈಹಾಕಿ ಕಲಕಿದೆ.

ವಾರಗಟ್ಟಲೆ ಸಿಹಿನೀರಿಗೆ ಜಗ್ಗದೆ ಬದುಕಿದ್ದು ಒಂದು ಹೊತ್ತಿನ ಉಪ್ಪಿಗೆ ತಡೆಯಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಮಗುಚಿಕೊಂಡು ಮೇಲೆ ತೇಲಿತು. ಅದರ ಕೆಳಗಿನ ಮಗ್ಗುಲನ್ನು ನಾನು ಅವತ್ತೇ ನೋಡಿದ್ದು. ಬೆಳ್ಳಗೆ, ನುಣ್ಣಗೆ, ಕಣ್ಣಿಲ್ಲದ ಮುಖ. ಹೆದರಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಇವರು ಬಂದಾಗ ನಾನು ತೊಟ್ಟಿಯ ಮುಂದೆಯೇ ಕೂತಿದ್ದೆ. "ನಾನೇ" ಎಂದೆ. ಚೆಂಬು, ಕರಿಬೇವು, ಸುಳ್ಳು ಅಂಕೆ, ಉಪ್ಪು, ಎಲ್ಲ ಹೇಳಿದೆ. ಇವರು ಬಯ್ಯಲಿಲ್ಲ. ನೋಟ್‌ಬುಕ್ಕು ತೆಗೆದುಕೊಂಡು ಹಿಂದಿನ ಕಡೆಯಿಂದ ತಿರುವಿ, ಕೊನೆಯ ಹಾಳೆಯನ್ನು ನನ್ನ ಮುಂದೆ ಹಿಡಿದರು. ಪೆನ್ಸಿಲಿನಲ್ಲಿ, ಅವರ ಸಣ್ಣ ಅಕ್ಷರದಲ್ಲಿ: ಇಪ್ಪತ್ತಮೂರು. ಇಪ್ಪತ್ತು. ಹದಿನೆಂಟು. ಹದಿನೈದು. ಕೊನೆಯದು ಹಿಂದಿನ ದಿನದ್ದು, ಏಳೂವರೆ.

"ಸಂಜೆ ನೀನು ಮಗೂಗೆ ಹಾಲು ಕೊಡ್ತಿದ್ದಾಗ ಅಳೀತಿದ್ದೆ" ಎಂದರು.

"ಗೊತ್ತಿದ್ದೂ ಯಾಕ್ರೀ ಸುಮ್ಮನಿದ್ರಿ?"

ಇವರು ಜೇಬಿನಿಂದ ಬೀಗದಕೈ ಗೊಂಚಲು ತೆಗೆದು ಮಗುವಿನ ಮುಂದೆ ಹಿಡಿದರು. ಆ ಕಡೆ ಆಡಿಸಿದರು, ಈ ಕಡೆ ಆಡಿಸಿದರು. ಎರಡು ಕಣ್ಣೂ ಜೊತೆಯಾಗಿ ಹೋದವು, ಜೊತೆಯಾಗಿ ಬಂದವು. ಇವರ ಕೈ ನಡುಗುತ್ತಿದ್ದುದು ನನಗೆ ಆಗಲೇ ಕಂಡದ್ದು. ಆಟ ಆಡಿಸುವವರ ಕೈ ನಡುಗುವುದಿಲ್ಲ.

"ಹದಿನೈದಕ್ಕೆ ಇಳಿದಿದ್ದ ದಿನ ಆ ಕ್ಯಾನು ಎತ್ತಿದ್ದೆ, ಸುರಿದು ಸರಿಮಾಡೋಣ ಅಂತ" ಎಂದರು. "ತಿರುಗಿ ನೋಡಿದ್ರೆ ಇವಳ ಕಣ್ಣು ಮೂಗಿನ ಹತ್ರ ಹೋಗಿತ್ತು. ಕ್ಯಾನು ಕೆಳಗಿಟ್ಬಿಟ್ಟೆ. ನಂಗೂ ಭಯ ಆಗಿತ್ತು ಕಣೇ."

ಬಾಗಿಲ ಹೊರಗೆ ಅಜ್ಜಿಯ ಕೆಮ್ಮು ಕೇಳಿಸಿತು. ಇವರು ದಡಬಡಿಸಿ ನೋಟ್‌ಬುಕ್ಕನ್ನು ಅಂಗಿಯೊಳಗೆ ತುರುಕಿಕೊಂಡು, ಬಾಗಿ ನನ್ನ ಕಿವಿಯಲ್ಲಿ ಹೇಳಿದರು:

"ಅಜ್ಜಿಗೆ ಮಾತ್ರ ಹೇಳ್ಬೇಡ."